ಫೈರ್‌ವಾಲ್ ಇದ್ದರೆ ಸಾಲದೇ?

ಪ್ರಶ್ನೆ: ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೆಲಸ ಮಾಡುತ್ತೇವೆ. ಫೈರ್‌ವಾಲ್, ಆಂಟಿವೈರಸ್, ಬ್ಯಾಕಪ್ ಎಲ್ಲ ಇವೆ. ರೋಗಿಗಳ ಮಾಹಿತಿ ಕಾಪಾಡುವ ಅಮೆರಿಕದ ಹಿಪಾ ಕಾಯ್ದೆಗೆ ಇಷ್ಟು ಸಾಲದೇ?

ಉತ್ತರ: ಸಾಲದು. ಇವುಗಳಲ್ಲಿ ಫೈರ್‌ವಾಲ್, ಆಂಟಿವೈರಸ್ ಹೊರಗಿನ ಕಳ್ಳನನ್ನು ತಡೆಯುತ್ತವೆ. 1996ರ ಹಿಪಾ ಒಳಗಿನವರ ಲೆಕ್ಕವನ್ನೂ ಕೇಳುತ್ತದೆ. ಯಾವ ರೋಗಿಯ ಕಡತವನ್ನು ಯಾರು, ಯಾವಾಗ ತೆರೆದರೆಂಬುದು ಲಾಗ್‌ನಲ್ಲಿ, ಅಂದರೆ ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆಯಲ್ಲಿ, ಸಿಗಬೇಕು. ನಾಲ್ವರು ಒಂದೇ ಲಾಗಿನ್ ಹಂಚಿಕೊಂಡರೆ (ನಮ್ಮಲ್ಲಿ ಮಾಮೂಲು ಬಿಡಿ) ಆ ಲಾಗ್ ಕೆಲಸಕ್ಕೆ ಬಾರದು. ಆಸ್ಪತ್ರೆಯೊಂದಿಗೆ ಬಿಸಿನೆಸ್ ಅಸೋಸಿಯೇಟ್ ಒಪ್ಪಂದ (ರೋಗಿಗಳ ಮಾಹಿತಿ ಕಾಪಾಡುತ್ತೇವೆಂದು ನಿಮ್ಮಂಥ ಸಂಸ್ಥೆ ಮಾಡಿಕೊಳ್ಳುವ ಕರಾರು) ಬೇಕು. ಅಪಾಯದ ವಿಶ್ಲೇಷಣೆ ಬರಹದಲ್ಲಿರಬೇಕು, 6 ವರ್ಷ ಇಟ್ಟುಕೊಳ್ಳಬೇಕು.

ಲ್ಯಾಪ್‌ಟಾಪ್ ಕಳೆದರೆ? ಡಿಸ್ಕ್ ಸರಿಯಾಗಿ ಎನ್‌ಕ್ರಿಪ್ಟ್ ಆಗಿದ್ದರೆ (ಕೀಲಿಯಿಲ್ಲದೆ ಓದಲಾಗದ ರೂಪದಲ್ಲಿದ್ದರೆ) ಸಾಮಾನ್ಯವಾಗಿ ಸೋರಿಕೆಯ ನೋಟಿಸ್ ಬೇಕಿಲ್ಲ. ಪಾಸ್‌ವರ್ಡ್ ಚೀಟಿ ಅದೇ ಬ್ಯಾಗಿನಲ್ಲಿದ್ದರೆ ಎನ್‌ಕ್ರಿಪ್ಷನ್ ಇದ್ದೂ ವ್ಯರ್ಥ. ಆಗ ತಡಮಾಡದೆ, ಹೆಚ್ಚೆಂದರೆ 60 ದಿನದೊಳಗೆ ಆಸ್ಪತ್ರೆಗೆ ತಿಳಿಸಬೇಕು. ಒಪ್ಪಂದದಲ್ಲಿ ಗಡುವು ಇನ್ನೂ ಕಡಿಮೆ ಇರಬಹುದು, ಓದಿ ನೋಡಿ.