ಕಾಲೇಜಿಗೆ ಹೋದರೆ ಟೆನಿಸ್ ಮುಗೀತಾ?

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ. ನಾಲ್ಕು ವರ್ಷದಿಂದ ವಾರಕ್ಕೆ ಮೂರು ದಿನ ರೈಲಲ್ಲಿ ಬೆಂಗಳೂರಿಗೆ ಹೋಗಿ ಟೆನಿಸ್ ಕಲಿಯುತ್ತಿದ್ದಾಳೆ. ಜೂನಿಯರ್ ಟೂರ್ನಿಗಳಲ್ಲಿ ಚೆನ್ನಾಗಿ ಗೆದ್ದಿದ್ದಾಳೆ. ಅಮೆರಿಕದ ಕಾಲೇಜಿಗೆ ಕಳಿಸಿದರೆ ಆಟ ಮುಗಿದ ಹಾಗೆ, ನೇರವಾಗಿ ಟೂರ್‌ಗೆ, ಅಂದರೆ ವೃತ್ತಿಪರ ಟೂರ್ನಿಗಳಿಗೆ ಇಳಿಸಿ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಶಿರಾ ಗೇಟ್, ತುಮಕೂರು

ಉತ್ತರ: ಮುಗಿಯಲ್ಲ ಅಮ್ಮಾ. ವರ್ಜೀನಿಯಾ ಯೂನಿವರ್ಸಿಟಿ ಒಂದನ್ನೇ ನೋಡಿ. ನಮ್ಮ ಸೋಮದೇವ್ ದೇವ್‌ವರ್ಮನ್ ಅಲ್ಲಿ ಓದುತ್ತಲೇ 2007, 2008ರಲ್ಲಿ ಇಡೀ ಅಮೆರಿಕದ ಕಾಲೇಜು ಸಿಂಗಲ್ಸ್ ಚಾಂಪಿಯನ್ ಆದರು. 2009ರಲ್ಲಿ ಚೆನ್ನೈ ಓಪನ್ ಫೈನಲ್ ಆಡಿದರು, 2010ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ತಂದರು. ಅಮೆರಿಕದ ಆಟಗಾರ್ತಿ ಡೇನಿಯಲ್ ಕಾಲಿನ್ಸ್ ಕೂಡ ಅಲ್ಲಿ ಓದಿದವರೇ. 2014, 2016ರಲ್ಲಿ ಕಾಲೇಜು ಚಾಂಪಿಯನ್. ಆಸ್ಟ್ರೇಲಿಯನ್ ಓಪನ್ ಫೈನಲ್ ಮುಟ್ಟಿದ್ದು 2022ರಲ್ಲಿ, 28ನೇ ವಯಸ್ಸಿಗೆ. ನಿಮ್ಮ ಮಗಳಿಗೆ ಇನ್ನೂ ಎಷ್ಟು ಟೈಮ್ ಇದೆ ಅಲ್ವಾ?

ನಾನೂ ತುಮಕೂರಿನವನೇ. ಹದಿನೆಂಟಕ್ಕೆ ನೇರವಾಗಿ ಟೂರ್ನಿಗಳಿಗೆ ಇಳಿದೆ. ಎರಡನೇ ವರ್ಷ ರಾಕೆಟ್‌ನ ತಂತಿ ಬಿಗಿ ಕಳೆದುಕೊಂಡು ಸತ್ತಿತ್ತು, ಹೊಸದು ಕಟ್ಟಿಸಲು ಕೈಯಲ್ಲಿ ಕಾಸಿರಲಿಲ್ಲ. ಮೂರು ವಾರ ಅದರಲ್ಲೇ ಆಡಿದೆ. ಮೊಣಕೈ ಹಿಡಿದುಕೊಂಡಿತು. ಬೆಳಗ್ಗೆ ಕಾಫಿ ಲೋಟ ಎತ್ತಲೂ ಆಗುತ್ತಿರಲಿಲ್ಲ. ತೋರಿಸಲು ಒಬ್ಬ ಫಿಸಿಯೋ ಇರಲಿಲ್ಲ. ಹುಡುಗಿಯರು ವೃತ್ತಿಪರ ಆಟ ಶುರು ಮಾಡುವ, ಎಲ್ಲಕ್ಕಿಂತ ಕೆಳಗಿನ ಹಂತದ ಡಬ್ಲ್ಯೂ15 ಟೂರ್ನಿಯ 15 ಸಾವಿರ ಡಾಲರ್ ಗೆದ್ದವಳೊಬ್ಬಳಿಗೇ ಅಲ್ಲ, ಎಲ್ಲರಿಗೂ ಹಂಚುವ ದುಡ್ಡು. ಮೊದಲ ಸುತ್ತಲ್ಲಿ ಸೋತರೆ ರೂಮಿನ ಬಾಡಿಗೆಗೂ ಸಾಲಲ್ಲ. ಒಳ್ಳೆಯ ಕಾಲೇಜು ತಂಡದಲ್ಲಿ ಕೋಚ್, ಫಿಸಿಯೋ, ಕೋರ್ಟ್, ತಂತಿ ಎಲ್ಲ ಅವರದೇ.

ಆದರೆ ಹೆಸರು ನೋಡಿ ಕಾಲೇಜು ಆರಿಸಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಕಾಲೇಜು ಪಂದ್ಯದಲ್ಲಿ ಸಿಂಗಲ್ಸ್ ಆಡುವವರು ಆರೇ ಜನ. ದೊಡ್ಡ ಕಾಲೇಜಲ್ಲಿ ಒಂಬತ್ತನೆಯವಳಾಗಿ ಬೆಂಚಿನಲ್ಲಿ ಕೂತರೆ ನಾಲ್ಕು ವರ್ಷ ಸುಮ್ನೆ ಹೋಗುತ್ತದೆ. ‘ಮೊದಲ ವರ್ಷ ನನ್ನನ್ನು ಎಷ್ಟನೇ ಜಾಗದಲ್ಲಿ ಆಡಿಸುತ್ತೀರಿ?’ ಅಂತ ಅಲ್ಲಿನ ಕೋಚ್‌ಗೆ ನೇರವಾಗಿ ಕೇಳಲಿ. ಸ್ಕಾಲರ್‌ಶಿಪ್ ಪೂರ್ತಿಯೋ ಅರ್ಧವೋ ಬರಹದಲ್ಲಿ ತೆಗೆದುಕೊಳ್ಳಿ.

ಪಿಯುಸಿ ಆದ ಮೇಲೆ ‘ಒಂದೆರಡು ವರ್ಷ ಟೂರ್ ನೋಡೋಣ’ ಅಂತ ತಡ ಮಾಡಬೇಡಿ. ತಡವಾಗಿ ಸೇರಿದವರಿಗೆ ಕಾಲೇಜಲ್ಲಿ ಆಡುವ ವರ್ಷಗಳೇ ಕಡಿಮೆಯಾಗಬಹುದು. ಬಹುಮಾನದ ದುಡ್ಡು ಮುಟ್ಟುವ ಮೊದಲೂ ಕಾಲೇಜಿನವರನ್ನು ಕೇಳಿ. ನಿಯಮ ಬದಲಾಗುತ್ತಲೇ ಇರುತ್ತವೆ. ಟೂರ್ ಕೈತಪ್ಪುವುದಿಲ್ಲ, ಬೇಸಿಗೆ ರಜೆಯ ಮೂರು ತಿಂಗಳು ಡಬ್ಲ್ಯೂ15 ಆಡಿಸಿ. ಅಂದ ಹಾಗೆ, ಕೋಚ್‌ಗೆ ಫೋನ್ ಮಾಡುವಾಗ ನೀವು ಮಾತಾಡಬೇಡಿ, ಮಗಳೇ ಮಾತಾಡಲಿ. ಅವರು ಆರಿಸುವುದು ಅವಳನ್ನು.