ಮೆಣಸಿನ ಘಮ ಸಿಗದಿದ್ದರೆ ನಾಲಿಗೆಯನ್ನು ದೂರಬೇಡಿ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಏಪ್ರಿಲ್‌ನಲ್ಲಿ ಊಟಕ್ಕೆ ಬಂದ ಇಬ್ಬರು ಸ್ನೇಹಿತರು ಸಾವಿರ ರೂಪಾಯಿಯೊಳಗಿನ ಶಿರಾಜ್ ಎಂಬ ದ್ರಾಕ್ಷಿ ತಳಿಯ ಒಂದು ಕೆಂಪು ವೈನ್ ತಂದಿದ್ದರು. ಅಕ್ಕಿ ರೊಟ್ಟಿ, ಖಾರದ ಕೋಳಿ ಸಾರಿನ ಜೊತೆ ನಾಲ್ವರೂ ಕುಡಿದೆವು. ಬಾಟಲಿಯ ಮೇಲೆ ಬ್ಲ್ಯಾಕ್‌ಬೆರಿ, ಕಾಳುಮೆಣಸು, ಚಾಕೊಲೇಟ್ ಎಂದೆಲ್ಲ ಬರೆದಿತ್ತು. ನಮಗೆ ಸಿಕ್ಕಿದ್ದು ಒಗರು ಮತ್ತು ಗಂಟಲುರಿ. ಒಬ್ಬರಿಗೆ ಮಾತ್ರ ಮೆಣಸಿನ ಘಮ ಬಂತಂತೆ. ವೈನ್ ಕೆಟ್ಟಿತ್ತೇ, ಅಥವಾ ನಮಗೆ ರುಚಿ ನೋಡಲು ಬರುವುದಿಲ್ಲವೇ?

ಉತ್ತರ: ಎರಡೂ ಇಲ್ಲ. ವೈನ್ ಕೆಟ್ಟಿದ್ದರೆ ಒದ್ದೆ ರಟ್ಟಿನ, ವಿನೆಗರ್‌ನ ಅಥವಾ ಉಗುರಿಗೆ ಹಚ್ಚುವ ಬಣ್ಣದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನೀವು ಅಂಥದ್ದೇನನ್ನೂ ಹೇಳಿಲ್ಲ. ಆ ರಾತ್ರಿ ನಿಮ್ಮ ವೈನ್‌ಗೆ ಪೆಟ್ಟು ಕೊಟ್ಟದ್ದು ಸೆಕೆ ಮತ್ತು ಸಾರಿನ ಖಾರ ಎಂದು ನನ್ನ ಅಭಿಪ್ರಾಯ.

ಮೆಣಸಿನ ವಿಚಾರ ಮೊದಲು ಹೇಳುತ್ತೇನೆ, ಏಕೆಂದರೆ ಮಲೆನಾಡಿನವರಿಗೆ ಇದು ತಿಳಿದಿರಲೇಬೇಕು. ಶಿರಾಜ್‌ನ ಮೆಣಸಿನ ಘಮ ಜಾಹೀರಾತಿನವರ ಕಲ್ಪನೆಯಲ್ಲ. ಅದಕ್ಕೆ ರೋಟಂಡೋನ್ ಎಂಬ ಸಂಯುಕ್ತ ಕಾರಣವೆಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ನಿಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿರುವ ಬಳ್ಳಿಯ ಕಾಳಿನಲ್ಲಿ ಇರುವುದೂ ಅದೇ ಸಂಯುಕ್ತ. ಅವರ ಪರೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗಲೂ ಅದರ ವಾಸನೆ ತಿಳಿಯಲಿಲ್ಲ. ಹುಟ್ಟಿನಿಂದ ಬಂದ ಮೂಗೇ ಹಾಗೆ. ಜೊತೆಗೆ, ತಂಪು ಪ್ರದೇಶದ ದ್ರಾಕ್ಷಿಯಲ್ಲಿ ರೋಟಂಡೋನ್ ಹೆಚ್ಚು, ಬಿಸಿಲ ನಾಡಿನ ದ್ರಾಕ್ಷಿಯಲ್ಲಿ ಕಡಿಮೆ. ಆದ್ದರಿಂದ ಘಮ ಬಂತೆಂದ ನಿಮ್ಮ ಸ್ನೇಹಿತರು ಸುಳ್ಳು ಹೇಳಿಲ್ಲ, ಬರಲಿಲ್ಲವೆಂದ ನೀವು ದಡ್ಡರಲ್ಲ. ಮುಂದಿನ ಬಾರಿ ನಾಲ್ಕು ಕಾಳು ಮೆಣಸನ್ನು ಜಜ್ಜಿ ಪಕ್ಕದಲ್ಲಿಡಿ. ಒಮ್ಮೆ ಅದನ್ನು, ಒಮ್ಮೆ ಲೋಟವನ್ನು ಮೂಸಿ ನೋಡಿ. ಓಕ್ ಪೀಪಾಯಿಯಲ್ಲಿ ಇಟ್ಟ ವೈನ್ ಆದರೆ ಒಂದು ಲವಂಗವನ್ನೂ ಇಡಿ. ಲವಂಗಕ್ಕೆ ಅದರ ಪರಿಮಳ ಕೊಡುವ ಯೂಜಿನಾಲ್ ಪೀಪಾಯಿಯ ಒಳಮೈಯ ಸುಟ್ಟ ಓಕ್ ಮರದಿಂದಲೂ ವೈನ್‌ಗೆ ಇಳಿಯುತ್ತದೆ. ಬ್ಲ್ಯಾಕ್‌ಬೆರಿಯನ್ನು ಹುಡುಕುವುದನ್ನಂತೂ ಬಿಟ್ಟುಬಿಡಿ. ನಾವು ತಿಂದು ಬೆಳೆಯದ ಹಣ್ಣಿನ ನೆನಪು ಮೂಗಿಗೆ ಎಲ್ಲಿಂದ ಬರಬೇಕು? ನೇರಳೆ, ಕವಳಿ, ಮುರುಗಲು ಎಂದು ನಿಮಗೆ ಅನಿಸಿದರೆ ಹಾಗೆಯೇ ಹೇಳಿ.

ಇನ್ನು ಒಗರು. ಅದು ದೋಷವಲ್ಲ, ಕೆಂಪು ವೈನ್‌ನ ಬೆನ್ನೆಲುಬು. ಕೆಂಪು ವೈನ್ ಸಿಪ್ಪೆ, ಬೀಜಗಳ ಜೊತೆಯಲ್ಲೇ ಹುದುಗುವುದರಿಂದ ಅವುಗಳಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಅದಕ್ಕೆ ಇಳಿಯುತ್ತದೆ. ಟ್ಯಾನಿನ್ ಎಂಜಲಿನ ಪ್ರೋಟೀನನ್ನು ಹಿಡಿದುಕೊಂಡಾಗ ಬಾಯಿ ಒಣಗಿ ಎಳೆದಂತಾಗುತ್ತದೆ. ಹಸಿ ಅಡಿಕೆಯ ಚೊಗರೂ ಇದೇ ಜಾತಿಯ ಟ್ಯಾನಿನ್. ಹೀಗಾಗಿ ಒಗರು ಎಷ್ಟಿದೆ, ಒರಟೋ ನಯವೋ ಎಂದು ತೂಗಿ ನೋಡಲು ಅಡಿಕೆ ನಾಡಿನವರಿಗಿಂತ ಯೋಗ್ಯರು ಯಾರು? ಒಂದೇ ಎಚ್ಚರಿಕೆ: ರುಚಿ ನೋಡುವ ಮುನ್ನ ಎಲೆ ಅಡಿಕೆ ಬೇಡ. ಅಗರಬತ್ತಿ, ಕೋಣೆಗೆ ತುಂಬಿಕೊಂಡ ಒಗ್ಗರಣೆಯ ಹೊಗೆ, ಮುಡಿದ ಮಲ್ಲಿಗೆಯೂ ಆ ಅರ್ಧ ಗಂಟೆಗೆ ಬೇಡ.

ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ಚಳಿಯ ಮನೆಗಳಿಂದ ಬಂದದ್ದು. ವೈನ್‌ಗೆ ಬೇಕಾದದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್. ಏಪ್ರಿಲ್‌ನಲ್ಲಿ ಶಿವಮೊಗ್ಗದ ಹಗಲು 35 ಡಿಗ್ರಿ ದಾಟುತ್ತದೆ, ಮನೆಯೊಳಗಿನ ಬಾಟಲಿಯೂ ಕಾಯುತ್ತದೆ. ಬಿಸಿಯಾದ ವೈನ್‌ನಲ್ಲಿ ಆಲ್ಕೊಹಾಲಿನ ಆವಿಯೇ ಮೂಗಿಗೆ ಮೊದಲು ಏರಿ ಹಣ್ಣಿನ ಘಮವನ್ನು ಮುಚ್ಚಿಬಿಡುತ್ತದೆ. ಬಡಿಸುವ ಮುನ್ನ ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಡಿ. ಆಗುಂಬೆಯ ಮಳೆಗಾಲದಲ್ಲಿ ಅಷ್ಟು ಹೊತ್ತು ಬೇಕಾಗುವುದಿಲ್ಲ.

ಗಂಟಲುರಿಗೆ ಕೋಳಿ ಸಾರೂ ಪಾಲುದಾರ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಮತ್ತು ಆಲ್ಕೊಹಾಲ್ ಎರಡೂ ಬಾಯಿಯ ನರಗಳಲ್ಲಿ ಬಿಸಿಯನ್ನು ಗುರುತಿಸುವ ಒಂದೇ ಗ್ರಾಹಕವನ್ನು (ರಿಸೆಪ್ಟರ್) ಕೆಣಕುತ್ತವೆ. ಒಂದರ ಉರಿಗೆ ಇನ್ನೊಂದರ ಉರಿ ಸೇರಿತು. ಕೋಳಿಯನ್ನು ಬಿಡಬೇಕಿಲ್ಲ, ಒಣಮೆಣಸಿನಕಾಯಿಯನ್ನು ಅರ್ಧಕ್ಕಿಳಿಸಿ ತೆಂಗಿನಕಾಯಿಯನ್ನು ಹೆಚ್ಚಿಸಿ. ಕೊಬ್ಬು, ಪ್ರೋಟೀನ್, ಉಪ್ಪು ಮೂರೂ ಒಗರನ್ನು ತಗ್ಗಿಸುತ್ತವೆ. ಹುರಿದ ಕುರಿ ಮಾಂಸ, ಹಂದಿ ಮಾಂಸ ಬಹಳ ಚೆನ್ನಾಗಿ ಹೊಂದುತ್ತವೆ. ಮಾಂಸ ತಿನ್ನದವರಿಗೆ ತುಪ್ಪದಲ್ಲಿ ಹುರಿದ ಅಣಬೆ, ಬದನೆಕಾಯಿ ಎಣ್ಣೆಗಾಯಿ ಇವೆ. ಅಪ್ಪೆಮಿಡಿ ಉಪ್ಪಿನಕಾಯಿಯ ಮುಂದೆ ಸಾಧಾರಣ ವೈನ್ ಸಪ್ಪೆಯಾಗುತ್ತದೆ, ಅದನ್ನು ದೂರವಿಡಿ. ಮೀನಿನ ಜೊತೆಗೂ ಬೇಡ; ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ನಾತವನ್ನು ಎತ್ತಿ ತೋರಿಸುತ್ತದೆ. ಅಕ್ಕಿ ರೊಟ್ಟಿಯನ್ನು ಮಾತ್ರ ಬದಲಿಸಬೇಡಿ. ತನ್ನದೇ ಜೋರು ರುಚಿಯಿಲ್ಲದ ಅದು ಎರಡು ಗುಟುಕುಗಳ ನಡುವೆ ಬಾಯಿ ಶುದ್ಧ ಮಾಡಲು ಹೇಳಿ ಮಾಡಿಸಿದಂತಿದೆ.

ಈಗ ಪರೀಕ್ಷೆಯ ಕ್ರಮ. ಹೆಚ್ಚುಕಡಿಮೆ ಒಂದೇ ಬೆಲೆಯ ಎರಡು ಬಾಟಲಿ ತನ್ನಿ. ಒಂದು ಶಿರಾಜ್, ಇನ್ನೊಂದು ಕ್ಯಾಬರ್ನೆ ಸೊವಿನ್ಯಾನ್ ಎಂಬ ಬೇರೆ ದ್ರಾಕ್ಷಿ ತಳಿಯ ಕೆಂಪು ವೈನ್ ಇರಲಿ. ನಾಸಿಕ್ ಕಡೆಯದೂ ಆದೀತು, ನಮ್ಮದೇ ನಂದಿ ಬೆಟ್ಟದ ತಪ್ಪಲಿನದೂ ಆದೀತು. ಅಂಗಡಿಯ ಕಿಟಕಿಯಲ್ಲಿ ಬಿಸಿಲಿಗೆ ನಿಂತ ಬಾಟಲಿ ಬೇಡ, ಒಳಗಿನದನ್ನು ಕೇಳಿ. ಎರಡಕ್ಕೂ ಪತ್ರಿಕೆ ಸುತ್ತಿಡಿ. ಹೆಸರು ಮುಚ್ಚುವುದು ಆಟಕ್ಕಲ್ಲ: ಫ್ರಾನ್ಸಿನ ಬೋರ್ಡೊದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬಿಳಿ ವೈನ್‌ಗೆ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳು ಅದರ ವಾಸನೆಯನ್ನು ಕೆಂಪು ವೈನ್‌ನ ಪದಗಳಲ್ಲೇ ಬಣ್ಣಿಸಿದರು. ಕಣ್ಣಿಗೆ ಕಂಡದ್ದನ್ನೇ ಮೂಗು ಒಪ್ಪಿಕೊಂಡುಬಿಡುತ್ತದೆ.

ಒಬ್ಬರು ಪ್ರತಿಯೊಬ್ಬರ ಮುಂದೆ ಮೂರು ಗಾಜಿನ ಲೋಟ ಇಡಲಿ. ಎರಡರಲ್ಲಿ ಒಂದೇ ವೈನ್, ಮೂರನೆಯದರಲ್ಲಿ ಇನ್ನೊಂದು. ಲೋಟಕ್ಕೆ ಎರಡು ಗುಟುಕಿನಷ್ಟು ಸಾಕು. ಬೇರೆಯದು ಯಾವುದೆಂದು ಮೊದಲು ಪತ್ತೆಮಾಡಿ. ಅದೇ ತಿಳಿಯದಿದ್ದರೆ ಯಾವುದು ಉತ್ತಮ ಎಂಬ ಜಗಳಕ್ಕೆ ಆಧಾರವಿಲ್ಲ. ಆಮೇಲೆ ಹುಳಿ, ಒಗರು, ಉರಿ ಎಷ್ಟೆಷ್ಟು, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಂತಿತು ಎಂಬುದನ್ನು ಪ್ರತಿಯೊಬ್ಬರೂ ಮಾತಾಡದೆ ಬರೆದುಕೊಳ್ಳಿ. ಒಬ್ಬರು ‘ಚಾಕೊಲೇಟ್’ ಎಂದರೆ ಸಾಕು, ಉಳಿದವರಿಗೂ ಚಾಕೊಲೇಟೇ ಕಾಣಿಸತೊಡಗುತ್ತದೆ. ಬಳಿಕ ಊಟದ ಜೊತೆ ಮತ್ತೊಮ್ಮೆ ನೋಡಿ. ಬರಿ ಬಾಯಿಗೆ ಸೋತ ವೈನ್ ಮಾಂಸದ ಜೊತೆ ಗೆಲ್ಲುವುದುಂಟು. ಮನೆಯ ಊಟಕ್ಕೆ ವೈನ್ ಕೊಳ್ಳುವವರು ನಂಬಬೇಕಾದದ್ದು ಈ ಎರಡನೆಯ ತೀರ್ಪನ್ನು.

ಪ್ರಶ್ನೆ: ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂದು ದಿನಕ್ಕೊಂದು ಲೋಟ ಶುರುಮಾಡಬಹುದೇ? (ಸಾಗರದಿಂದ)

ಉತ್ತರ: ಬೇಡ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ರುಚಿಗಾಗಿ ಅಪರೂಪಕ್ಕೆ ಕುಡಿಯುವವರಿಗಷ್ಟೇ ಈ ಅಂಕಣ.

ಪ್ರಶ್ನೆ: ತೆರೆದ ಬಾಟಲಿ ಎಷ್ಟು ದಿನ ಉಳಿಯುತ್ತದೆ? ತೆರೆಯದೆ ವರ್ಷಗಟ್ಟಲೆ ಇಟ್ಟರೆ ರುಚಿ ಹೆಚ್ಚುವುದೇ? (ಶಿವಮೊಗ್ಗದಿಂದ)

ಉತ್ತರ: ತೆರೆದದ್ದನ್ನು ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಚಿಕ್ಕ ಬಾಟಲಿಗೆ ಕಂಠದವರೆಗೆ ತುಂಬಿಸಿಟ್ಟರೆ ಗಾಳಿಯ ಸಂಪರ್ಕ ತಗ್ಗಿ ಇನ್ನೂ ಒಂದೆರಡು ದಿನ ತಾಳಬಹುದು. ಕೂಡಿಡುವುದರಿಂದ ಲಾಭವಿಲ್ಲ. ಈ ಬೆಲೆಯ ವೈನ್ ತಯಾರಾಗುವುದೇ ಬೇಗ ಕುಡಿಯಲೆಂದು. ಬಾಟಲಿಯ ಮೇಲೆ ದ್ರಾಕ್ಷಿ ಕೊಯ್ದ ವರ್ಷವಿದ್ದರೆ ಎರಡು ಮೂರು ವರ್ಷದ ಒಳಗಿನದನ್ನೇ ಆರಿಸಿಕೊಳ್ಳಿ.