ಸದಸ್ಯತ್ವದ ಹೊಣೆ ಮತ್ತು ನಿದ್ದೆಗೆಟ್ಟ ರಾತ್ರಿಗಳು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕುಮಟಾ ಕಡೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ, ಮೂವತ್ತರ ಆಸುಪಾಸಿನ ಮಹಿಳೆಯೊಬ್ಬರು ರಾತ್ರಿ ನಿದ್ದೆ ಹತ್ತುತ್ತಿಲ್ಲವೆಂದು ನನ್ನಲ್ಲಿಗೆ ಬಂದರು. ಆರ್ಥಿಕತೆ ಪ್ರಕೃತಿಯ ಮಿತಿಯೊಳಗೇ ನಡೆಯಬೇಕೆನ್ನುವ ಪಾರಿಸರಿಕ ಅರ್ಥಶಾಸ್ತ್ರದ ಸಂಘವೊಂದಕ್ಕೆ ಜಿಲ್ಲೆಯಿಂದ ಹೊಸ ಸದಸ್ಯರನ್ನು ಸೇರಿಸುವ ಹೊಣೆಯನ್ನು ಅವರ ಮಾರ್ಗದರ್ಶಕರು ಅವರೊಬ್ಬರ ಹೆಗಲಿಗೇ ಹಾಕಿದ್ದರು. ಜೊತೆಗೆ ತಂದಿದ್ದ ನೋಟ್‌ಬುಕ್ಕಿನಲ್ಲಿ ಪುಟದುದ್ದಕ್ಕೂ ಹೆಸರುಗಳು. 'ನೋಡೋಣ' ಎಂದವರ ಮುಂದೆ ಪ್ರಶ್ನಾರ್ಥಕ ಚಿಹ್ನೆ, ಫೋನ್ ಎತ್ತದವರ ಮುಂದೆ ಕೆಂಪು ಗೆರೆ. "ಸರ್ ಕೇಳಿದರೆ ಏನು ಹೇಳಲಿ ಮೇಡಂ? ನನ್ನ ಮಾತಿಗೆ ಬೆಲೆಯೇ ಇಲ್ಲ ಅನ್ನಿಸುತ್ತದೆ" ಎಂದರು.

ಪ್ರತಿಯೊಂದು ಕೆಂಪು ಗೆರೆಯನ್ನೂ ಅವರು ತಮ್ಮ ಯೋಗ್ಯತೆಯ ಮೇಲಿನ ತೀರ್ಪೆಂದು ಓದುತ್ತಿದ್ದರು. ಈ ಶಾಸ್ತ್ರದ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದೇ 1989ರಲ್ಲಿ. ಓದುವ ಕಾಲದಲ್ಲಿ ಅದರ ಪರಿಚಯವೇ ಆಗದ ಅಧ್ಯಾಪಕರು ಶುಲ್ಕ ಕಟ್ಟಲು ಹಿಂದೆಮುಂದೆ ನೋಡುವುದು ಸಹಜ, ಅದರಲ್ಲಿ ನಿಮ್ಮ ಅವಮಾನವೇನೂ ಇಲ್ಲ ಎಂದು ತಿಳಿಸಿದೆ.

ಸಂಜೆ ಊಟದ ನಂತರ ಆ ಪುಸ್ತಕ ತೆರೆಯಬಾರದೆಂದು, ವಾರಕ್ಕೆ ಇಬ್ಬರನ್ನು ಮಾತ್ರ ಮುಖತಃ ಭೇಟಿಯಾಗಬೇಕೆಂದು ಒಪ್ಪಿಕೊಂಡೆವು. ಆ ಭೇಟಿಯಲ್ಲಿ ಸದಸ್ಯತ್ವದ ಮಾತೆತ್ತುವ ಮೊದಲು ಎದುರಿನವರ ಕೆಲಸದ ಬಗ್ಗೆ ಕೇಳಿ ಎಂದೆ. ಇದು ಆಪ್ತಸಲಹೆಯ ವ್ಯಾಪ್ತಿಗೆ ಬರುವುದೇ ಎಂದು ಕೆಲವರು ಕೇಳಬಹುದು. ಬೇಡುವವರ ಸ್ಥಾನದಿಂದ ಈ ಮಹಿಳೆಯನ್ನು ಎಬ್ಬಿಸದೆ ನಿದ್ದೆಯ ಮಾತು ಆಡಿ ಫಲವಿಲ್ಲವೆಂಬುದು ನನ್ನ ಅಭಿಪ್ರಾಯ. ಯಾರನ್ನು ಕೇಳಬೇಕೆಂಬುದೂ ಮುಖ್ಯ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ, ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ಆಯುವ ಹೆಂಗಸರ ದುಡಿಮೆಯ ಲೆಕ್ಕ ಹಿಡಿಯುವ ವಿದ್ಯಾರ್ಥಿಯೂ, ಶಿರಸಿಯ ಅಡಿಕೆ ತೋಟಗಳಿಗೆ ಸೊಪ್ಪು ಕೊಡುವ ಬೆಟ್ಟಗಳು ಬರಡಾಗುತ್ತಿವೆಯೇ ಎಂದು ನೋಡುವ ಅರಣ್ಯಶಾಸ್ತ್ರದ ಅಧ್ಯಾಪಕರೂ, ಈ ಶಾಸ್ತ್ರದ ಕೆಲಸವನ್ನೇ ಮಾಡುತ್ತಿದ್ದಾರೆ. ಆದರೆ ಈ ಮಹಿಳೆಯ ಪಟ್ಟಿಯಲ್ಲಿದ್ದವರೆಲ್ಲ ಅರ್ಥಶಾಸ್ತ್ರದವರೇ. ಇಂಥವರು ಒಬ್ಬರೂ ಇರಲಿಲ್ಲ.

ಮಾರ್ಗದರ್ಶಕರೊಡನೆ ಆಡಬೇಕಾದ ಮಾತನ್ನು ನನ್ನೆದುರೇ ಹೇಳಿ ರೂಢಿಸಿಕೊಂಡರು: "ಸರ್, ಈ ಕೆಲಸ ನನ್ನೊಬ್ಬಳಿಂದ ಆಗುವುದಿಲ್ಲ. ನೀವೂ ಇಬ್ಬರು ಮೂವರ ಹತ್ತಿರ ಮಾತಾಡಬೇಕು." ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದೂ, ರಾತ್ರಿ ತಳಮಳ ಹೆಚ್ಚಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದೆಂದೂ ತಿಳಿಸಿದೆ.